ಕರಡಿಯ ಕಂಕುಳು

ಹೊಸ ಮೇಣದ ಬಣ್ಣದ ಕಡ್ಡಿಗಳ ಡಬ್ಬಿ ತೆರೆದಾಗ ಬರುವ ವಾಸನೆ ಅವನಿಗೆ ಇವತ್ತಿಗೂ ಮೂಗಿನ ತುದಿಯಲ್ಲೇ ಇದೆ. ಆರು ವರ್ಷದವನಿದ್ದಾಗ ಸೋದರಮಾವ ತಂದುಕೊಟ್ಟದ್ದು. ಅರ್ಧ ಮೇಣದಬತ್ತಿ, ಅರ್ಧ ಸೋಪು, ಅಂಥ ವಾಸನೆ. ಬಿಳಿ ಕಡ್ಡಿಯನ್ನು ಕಚ್ಚಿಯೂ ನೋಡಿದ್ದ. ಈಗ ಅವನು ಚಿತ್ರ ಬರೆಯುವುದು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ. ಅದರಲ್ಲಿ ಲಕ್ಷಗಟ್ಟಲೆ ಬಣ್ಣಗಳಿವೆ, ವಾಸನೆ ಇಲ್ಲ. ಗೀಚಿದ್ದರ ಗುರುತೂ ಉಳಿಯುವುದಿಲ್ಲ. ಆ ದಿನದ ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಪುಸ್ತಕದ ಸಂಪಾದಕಿ ಫೋನ್ ಮಾಡಿದರು. ಕೋಟು ಹೊಲಿಸಿಕೊಳ್ಳಲು ಹೊರಟ ಕರಡಿಯ ಕತೆಗೆ ಅವನು ಮೂರು ತಿಂಗಳು ಕೂತು ಚಿತ್ರ ಬರೆದಿದ್ದ. ಮುಖಪುಟದಲ್ಲಿ ಅವನ ಹೆಸರು ಬರಲಿದ್ದ ಮೊದಲ ಪುಸ್ತಕ ಅದು.

"ಚಿತ್ರ ತುಂಬಾ ಚೆನ್ನಾಗಿದೆ," ಎಂದರು ಅವರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ. "ತೊಂದರೆ ಅದೇ. ಇಷ್ಟು ನುಣುಪು ಮನುಷ್ಯರ ಕೈಲಿ ಬರುತ್ತಾ, ಮೆಷಿನ್ನೇ ಬರೆದಿರಬೇಕು ಅಂತಿದಾರೆ ಇಲ್ಲಿ. ಬೇಜಾರು ಮಾಡ್ಕೋಬೇಡಿ. ಕಚ್ಚಾ ಚಿತ್ರಗಳನ್ನ ಸಂಜೆ ಐದರೊಳಗೆ ಕಳಿಸಿಬಿಡಿ. ಇಲ್ಲಾಂದ್ರೆ ಪುಸ್ತಕ ಬೇರೆಯವರಿಗೆ ಕೊಡಬೇಕಾಗುತ್ತೆ."

ಕಚ್ಚಾ ಚಿತ್ರಗಳನ್ನು ಅವನು ಬರೆದಿದ್ದು ನಿಜ. ಆದರೆ ಉಂಡ ತಟ್ಟೆಯನ್ನು ಕೂಡಲೇ ತೊಳೆದಿಡಬೇಕೆಂದು ಅಮ್ಮ ಕಲಿಸಿದ್ದಳಲ್ಲ, ಆ ಬುದ್ಧಿ ಟ್ಯಾಬ್ಲೆಟ್ಟಿಗೂ ಹೋಗಿತ್ತು. ಚಿತ್ರ ಮುಗಿದೊಡನೆ ಒಂದರ ಮೇಲೊಂದು ಬರೆದ ಪದರಗಳನ್ನೆಲ್ಲ ಒಂದು ಮಾಡಿ, ಕಚ್ಚಾದ್ದನ್ನು ಅಳಿಸಿಬಿಡುವುದು ಅವನ ರೂಢಿ. ಕರಡಿ ಎಲ್ಲಿಂದ ಹುಟ್ಟಿತು ಎನ್ನುವುದಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ. ಈಗ ಕೂತು ಹೊಸದಾಗಿ ಹಳೇ ಚಿತ್ರ ಬರೆಯಬೇಕು, ಅಷ್ಟೆ.

ಮನೆಯಲ್ಲಿ ಒಂದು ಹಾಳೆ ಕಾಗದವಿರಲಿಲ್ಲ. ಟ್ಯಾಬ್ಲೆಟ್ಟು ಹಿಡಿದುಕೊಂಡೇ ಮನೆ ಕೆಳಗಿನ ಟೈಲರ್ ಅಕ್ಕನ ಅಂಗಡಿಗೆ ಓಡಿದ. ಅಕ್ಕ ಅಳತೆ ಕತ್ತರಿಸಲು ಇಟ್ಟಿದ್ದ ಕಂದು ಕಾಗದವನ್ನು, ಯಾಕೆ ಏನು ಎಂದು ಕೇಳದೆ ಕೊಟ್ಟಳು. ಅವನ ಅಂಗಿಯ ಬಿದ್ದುಹೋದ ಗುಂಡಿಗಳನ್ನು ಹೇಳದೆಯೇ ಹಾಕಿಕೊಡುವವಳು ಅವಳು. ಕೇಳುವ ಕೆಲಸವನ್ನೆಲ್ಲ ಪ್ಯಾಂಟಿನ ಸೊಂಟ ಸಡಿಲಿಸಲು ಬಂದು ಕೂತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ವಹಿಸಿಕೊಂಡರು.

"ಏನಯ್ಯಾ, ನೀನೇ ಬರೆದ ಚಿತ್ರಕ್ಕೆ ಕಳ್ಳಸಾಕ್ಷಿ ಹುಟ್ಟಿಸ್ತೀಯಾ?" ಎಂದರು, ವಿಷಯವೆಲ್ಲ ಬಾಯಿ ಬಿಡಿಸಿಕೊಂಡ ಮೇಲೆ.

"ಸಾಕ್ಷಿ ಮಾತ್ರ ಕಳ್ಳದ್ದು ಮೇಷ್ಟ್ರೇ. ಚಿತ್ರ ಸಾಚಾ."

"ಸರಿ, ಬರಿ. ನಾನು ನೋಡ್ತೀನಿ."

ಮೇಷ್ಟ್ರು ನೋಡುವುದೇ ಕಷ್ಟವಾಗಿತ್ತು. ಟ್ಯಾಬ್ಲೆಟ್ಟು ಅವನ ಕೈನಡುಕವನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಕಾಗದಕ್ಕೆ ಅಷ್ಟು ದಯೆ ಇರಲಿಲ್ಲ. ಗೆರೆ ಮಳೆಯಲ್ಲಿ ನೆನೆದ ಕೋಳಿಮರಿಯ ಹಾಗೆ ನಡುಗಿತು. ತಪ್ಪಾದೊಡನೆ ಟ್ಯಾಬ್ಲೆಟ್ಟಿನ ಅಭ್ಯಾಸಬಲದಿಂದ ಎರಡು ಬೆರಳಿಂದ ಕಾಗದವನ್ನು ಕುಟ್ಟಿದ.

"ಅದೇನು, ಕರಡಿ ನಾಡಿ ನೋಡ್ತಿದೀಯಾ?"

"ತಪ್ಪು ಅಳಿಸ್ತಿದೀನಿ."

"ರಬ್ಬರ್ ಅಂತ ಒಂದು ವಸ್ತು ಇದೆ. ಹೆಸರು ಕೇಳಿದೀಯೋ?"

ಮೂಗು ಸಣ್ಣದಾಯಿತೆಂದು ಎರಡು ಬೆರಳಿಟ್ಟು ಅಗಲಿಸಿದ. ಕಾಗದ ಪರ್ ಎಂದು ಹರಿಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಕೊನೆಗೆ ಉಪಾಯ ಹೊಳೆದದ್ದು ಮಧ್ಯಾಹ್ನ. ಟ್ಯಾಬ್ಲೆಟ್ಟಿನಲ್ಲಿ ಮುಗಿದ ಚಿತ್ರವನ್ನು ಬೆಳಗಿಸಿ, ಮೇಲೆ ಮೇಷ್ಟ್ರ ಕೈಚೀಲದ ಬಿಳಿ ಹಾಳೆ ಹಾಸಿ, ಐದು ಕರಡಿಗಳನ್ನು ಇಳಿಸಿದ. ಹಳೆಯದಾಗಿ ಕಾಣಲೆಂದು ಮೇಷ್ಟ್ರು ಚಹಾ ಚಿಮುಕಿಸಿದರು. ಅವನಿಗೆಂದು ಬಂದ ಮೂರು ಲೋಟ ಚಹಾವನ್ನೂ ಕಾಗದವೇ ಕುಡಿಯಿತು. ಒಣಗಿಸಲು ಇಸ್ತ್ರಿಪೆಟ್ಟಿಗೆ ಒತ್ತಿದಾಗ ಒಂದು ಕರಡಿಯ ಹೊಟ್ಟೆ ಮೂರು ಮೂಲೆಯಾಗಿ ಸುಟ್ಟುಹೋಯಿತು.

"ಹೆದರಬೇಡ, ಕೋಟಿನ ಜೇಬು ಅಂತ ಹೇಳು," ಎಂದರು ಮೇಷ್ಟ್ರು.

ಬೆಳಗಿನಿಂದ ಬಾಯಿ ಬಿಡದೆ ಹೊಲಿಯುತ್ತಿದ್ದ ಟೈಲರ್ ಅಕ್ಕ ಈಗ ಎದ್ದು ಬಂದು ನೋಡಿದಳು.

"ಅದೆಲ್ಲ ಇರ್ಲಿ. ಈ ಕೋಟು ಹಾಕ್ಕೊಂಡು ಕರಡಿ ಕೈ ಎತ್ತೋದು ಹೇಗೋ? ಕಂಕುಳೇ ಇಲ್ವಲ್ಲ ಪಾಪದ್ದಕ್ಕೆ! ನೋಡು, ಹೀಗೆ."

ಅಳತೆಯ ಸೀಮೆಸುಣ್ಣ ತೆಗೆದು ಕಂದು ಕಾಗದದ ಮೇಲೆ ಎಳೆದಳು. ಎರಡು ಸಲ ಉಜ್ಜಿದಳು, ಮೂರನೇ ಸಲ ಬಂತು. ಟೇಪಿಗೆ ಕೈ ಎತ್ತಿ, ಉಸಿರು ಹಿಡಿದು, ಹೊಟ್ಟೆ ಒಳಗೆಳೆದುಕೊಂಡ ಕರಡಿ. ಒಂದು ಕಿವಿ ದೊಡ್ಡದು. ಪಕ್ಕದಲ್ಲಿ ಬರೆದಳು: 'ಕಂಕುಳು ಹದಿನೆಂಟು. ಹೊಟ್ಟೆ ದೇವರೇ ಗತಿ.'

"ಈ ಮುಖ ಎಲ್ಲೋ ನೋಡಿದ ಹಾಗಿದೆ," ಎಂದರು ಮೇಷ್ಟ್ರು, ತಮ್ಮ ಹೊಟ್ಟೆ ಒಳಗೆಳೆದು ಪ್ಯಾಂಟು ಮೇಲೇರಿಸಿಕೊಳ್ಳುತ್ತಾ.

ಐದಕ್ಕೆ ಹತ್ತು ನಿಮಿಷವಿರುವಾಗ ಮೇಷ್ಟ್ರು ತಮ್ಮ ಫೋನಿನಲ್ಲೇ ಫೋಟೋ ತೆಗೆದು ಸಂಪಾದಕಿಗೆ ಕಳಿಸಿ, ಗೆದ್ದವರಂತೆ ಕೈ ಕೊಡವಿಕೊಂಡರು. "ಆರೂ ಹೋದ್ವು."

"ಆರಾ? ಐದಲ್ವಾ ಮೇಷ್ಟ್ರೇ?"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಂತ.

"ಮೊದಲ ಐದು ನೋಡಿ ಅಳು ಬಂತು," ಎಂದರು ಸಂಪಾದಕಿ. "ಮುಗಿದ ಚಿತ್ರದ ಮೇಲೆ ಹಾಳೆ ಇಟ್ಟು ಇಳಿಸಿದ ಹಾಗಿತ್ತು. ಆದ್ರೆ ಆರನೇದು! ಯಾವ ಮೆಷಿನ್ ಕರಡಿ ಕಂಕುಳಿನ ಚಿಂತೆ ಮಾಡುತ್ತೆ ಹೇಳಿ? ಇಡೀ ಪುಸ್ತಕ ಅದೇ ಕೈಲಿ ಬರೆದುಕೊಡಿ. ಮುಖಪುಟದಲ್ಲಿ ಹೆಸರು ದೊಡ್ಡದಾಗಿ ಹಾಕೋಣ."

ಒಂದು 'ಆಗ್ಲಿ' ಅಂದಿದ್ದರೆ ಸಾಕಿತ್ತು. ತಲೆ ತಗ್ಗಿಸಿದ. ಅಂಗಿಯ ಎರಡನೇ ಗುಂಡಿ ಕಂಡಿತು. ಬೇರೆ ಗುಂಡಿಗಳಿಗಿಂತ ಸ್ವಲ್ಪ ಬೆಳ್ಳಗಿತ್ತು, ಗಟ್ಟಿಯಾಗಿತ್ತು.

"ಅದು ನನ್ನ ಕೈ ಅಲ್ಲ ಮೇಡಂ. ಟೈಲರ್ ಅಕ್ಕಂದು. ಆ ಐದು ನಾನು ಇವತ್ತು ಇಳಿಸಿದ್ದು. ಆದ್ರೆ ಪುಸ್ತಕದ ಚಿತ್ರ ನಾನೇ ಬರೆದದ್ದು, ದೇವರಾಣೆ."



"ನಂಬಿದೆ," ಎಂದರು ಸಂಪಾದಕಿ ಮೆಲ್ಲಗೆ. "ಇಂಥ ಮಾತನ್ನ ಮನುಷ್ಯರು ಮಾತ್ರ ಆಡ್ತಾರೆ. ನಿಮ್ಮನ್ನ ಅನುಮಾನಿಸಿದ್ದು ತಪ್ಪಾಯ್ತು." ಅವನ ಎದೆ ಹಗುರಾಯಿತು. "ಹಾಗಾದ್ರೆ ಅವರ ಹೆಸರೇ ಹಾಕೋಣ. ಅವರ ಚಿತ್ರಗಳನ್ನ ಕಂಪ್ಯೂಟರಿಗೆ ಏರಿಸಿಕೊಡೋಕೆ ಒಬ್ರು ಬೇಕು. ನಿಮಗೆ ಬರುತ್ತಲ್ಲ?"

ಒಳಗೆ ಬಂದ. ಮೇಷ್ಟ್ರು ಹೊಸ ಸೊಂಟದೊಂದಿಗೆ ಹೊರಟುಹೋಗಿದ್ದರು.

"ಅಕ್ಕಾ, ನಿಮ್ಮ ಕರಡಿ ಗೆದ್ದುಬಿಡ್ತು," ಎಂದ. ಪುಸ್ತಕ ತನ್ನ ಕೈತಪ್ಪಿದ್ದನ್ನು ಹೇಳದೆ, ಮೇಜಿನ ಮೇಲಿನ ತನ್ನ ಐದು ಕರಡಿಗಳನ್ನು ಮಡಚತೊಡಗಿದ.

ಅವಳು ಅವನ ಮುಖ ನೋಡಿದಳು. ಅವನು ಒಂದು ಗುಟುಕೂ ಕುಡಿಯದೆ ಮೇಜಿನ ಮೇಲೆ ಒಣಗಿ ನಿಂತ ಮೂರು ಲೋಟಗಳನ್ನೂ ನೋಡಿದಳು. ಹೊಲಿಗೆಯಂತ್ರದಿಂದ ಕಾಲು ತೆಗೆದು, ಬಟ್ಟೆಚೂರುಗಳನ್ನು ಸರಿಸಿ, ಬೆಳಗಿನಿಂದ ತಾನೂ ಬಿಚ್ಚದೆ ಇಟ್ಟಿದ್ದ ಊಟದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಅವನ ಕೈಗಿಟ್ಟಳು.