ಪಕ್ಕ ಕೂತವರ ಮಹಿಮೆ

ಬೊಮ್ಮನಹಳ್ಳಿ ದಾಟಿದ ಮೇಲೆ ಸಿಗುವ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಹುಡುಗರು ಮೇಷ್ಟ್ರಿಂದ ಕಲಿಯುತ್ತಾರೆ ಅನ್ನುವ ಭ್ರಮೆಯನ್ನು ಅವರು ಪ್ರತಿ ಸೆಮಿಸ್ಟರಿನಲ್ಲೂ ತಪ್ಪದೆ ಬಿಡಿಸುತ್ತಾರೆ. ನಾನು ರಜೆಯಲ್ಲಿ ಅದನ್ನು ಮತ್ತೆ ಬೆಳೆಸಿಕೊಂಡು ಬರುತ್ತೇನೆ.

೧. ಒಳ್ಳೆಯ ಸಾವಾಸ

ಬೇಗೂರಿನ ಯಜಮಾನರೊಬ್ಬರು ಸ್ಟಾಫ್ ರೂಮಿಗೆ ಬಂದರು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಪಿ.ಜಿ. ಕಟ್ಟಿಸಿ ಬಾಡಿಗೆಗೆ ಬಿಟ್ಟವರು.

"ನಮ್ಮುಡ್ಗ ದಡ್ಡ ಅಲ್ಲ ಸಾರ್, ಸಾವಾಸ ಸರಿಯಿಲ್ಲ. ಅದ್ಯಾರೋ ಫಸ್ಟ್ ಬರ್ತಾನಲ್ಲ, ಅವನ ಪಕ್ಕ ಕೂರ್ಸ್ಬುಡಿ."

ಕೂರಿಸಿದೆ. ಇಬ್ಬರೂ ಬೇಗ ಹೊಂದಿಕೊಂಡರು. ಮೊದಮೊದಲು ಪಾಠದ ಮಧ್ಯೆ ನಗುತ್ತಿದ್ದರು. ಆಮೇಲೆ ಯಜಮಾನರ ಮಗನ ಬೈಕು ಹತ್ತಿ, ಪಾಠವೇ ಇಲ್ಲದ ಕಡೆ ನಗೋದಕ್ಕೆ ಹೋದರು. ರಿಸಲ್ಟ್ ಬಂದಾಗ ಫಸ್ಟ್ ಬರುತ್ತಿದ್ದವನು ಗಣಿತದಲ್ಲಿ ಫೇಲು. ಯಜಮಾನರ ಮಗನೂ ಫೇಲು, ಆದರೆ ಅದು ಸುದ್ದಿಯಲ್ಲ.

ಯಜಮಾನರು ಮತ್ತೆ ಬಂದರು. ಪಾಪ, ಬೇಜಾರಾಗಿದೆ ಅಂದುಕೊಂಡೆ.

"ನೀವ್ ಕೊಟ್ಟೋನು ಕೆಟ್ಟೋದ ಸಾರ್," ಅಂದರು. "ಫಸ್ಟ್ ಬರೋನು ಇನ್ನೊಬ್ಬ ಇದ್ರೆ ಆಕ್ಕೊಡಿ."

೨. ಮೊದಲನೇ ಪ್ರಶ್ನೆ

ಲ್ಯಾಬ್ ಪರೀಕ್ಷೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಯಲ್ಲಿ ಪ್ರಶ್ನೆ ಕೇಳುತ್ತೇವೆ. ಹೊರಗೆ ಹೋದವನು ಕಾರಿಡಾರಿನಲ್ಲಿ ಕಾಯುತ್ತಿರುವವರಿಗೆ ಉತ್ತರಗಳನ್ನು ಪ್ರಸಾದದ ಹಾಗೆ ಹಂಚುತ್ತಾನೆ. ಅವತ್ತು ನನ್ನ ಮೊದಲನೇ ಪ್ರಶ್ನೆಗೆ ಉತ್ತರ 'ಬೈನರಿ ಟ್ರೀ'.

ಮುಂದಿನ ಹುಡುಗ ಬೆವರುತ್ತಾ ಬಂದು ಕೂತ. ಸ್ವಲ್ಪ ಸಮಾಧಾನ ಆಗಲಿ ಅಂತ, "ಹೆಸರೇನಪ್ಪಾ?" ಅಂದೆ.

"ಬೈನರಿ ಟ್ರೀ ಸಾರ್!"

"ಅಯ್ಯೋ, ನಿನ್ನ ಹೆಸರು ಕಣೋ."

ಅವನ ಮುಖ ಬಾಡಿಹೋಯಿತು. "ಅದನ್ನ ಕೇಳ್ತಾರೆ ಅಂತ ಯಾರೂ ಹೇಳ್ಲೇ ಇಲ್ಲ ಸಾರ್."

೩. ಸನ್ಮಾನ

ಹೋದ ಸಲ ನನ್ನ ವಿಷಯದಲ್ಲಿ ಕ್ಲಾಸಿಗೆ ಕ್ಲಾಸೇ ಪಾಸಾಯಿತು. ಪ್ರಿನ್ಸಿಪಾಲರು ಕೈಕುಲುಕಿ, ಕಾಲೇಜ್ ಡೇ ದಿನ 'ಉತ್ತಮ ಅಧ್ಯಾಪಕ' ಸನ್ಮಾನ ನಿಮಗೇ ಅಂದರು. ನಾನು ಮನೆಯಲ್ಲಿ ಕನ್ನಡಿ ಮುಂದೆ ಶಾಲು ಹೊದ್ದು ನೋಡಿಕೊಂಡದ್ದೂ ಆಯಿತು.

ಒಂದು ಮಧ್ಯಾಹ್ನ ನಾನೂ ಪ್ರಿನ್ಸಿಪಾಲರೂ ಕಾರಿಡಾರಿನಲ್ಲಿ ಬರುತ್ತಿದ್ದೆವು. ಊಟದ ಹೊತ್ತಿನಲ್ಲೂ ನನ್ನ ಕ್ಲಾಸು ತುಂಬಿ ತುಳುಕುತ್ತಿತ್ತು. ನನ್ನ ಪಿರಿಯಡ್ಡಿನಲ್ಲಿ ಅಷ್ಟು ಜನರನ್ನು ನಾನು ಕಂಡದ್ದೇ ಇಲ್ಲ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದವಳು ರಾಯಚೂರಿನ ಹುಡುಗಿ. ನಾನು ಪಾಠ ಮಾಡುವಾಗ ತುಟಿ ಬಿಚ್ಚದವಳು.

"ಏನ್ ಶ್ರದ್ಧೆ ನೋಡಿ! ಎಲ್ಲಾ ನಿಮ್ಮ ಪ್ರಭಾವ," ಅನ್ನುತ್ತಾ ಪ್ರಿನ್ಸಿಪಾಲರು ಬಾಗಿಲ ಮರೆಯಲ್ಲಿ ನಿಂತರು.

ಅವಳು ಶುರು ಮಾಡಿದಳು: "ಮೊದಲ, ಇವತ್ತ ಮುಂಜಾನೆ ಸರ್ ಹೇಳಿದ್ದೆಲ್ಲಾ ಮರತುಬಿಡ್ರಿ."

ಹಿಂದಿನ ಬೆಂಚಿನವನೊಬ್ಬ ಕೂಗಿದ: "ನಾನು ಕೇಳಿಸ್ಕೊಂಡೇ ಇಲ್ಲ ಕಣಮ್ಮಾ!"

"ಹಂಗಾರ ಭಾಳ ಚಲೋ ಆತು. ನಿನಗ ಲಗೂನ ತಿಳೀತದ."

ನಾನು ಗೋಡೆ ನೋಡಿದೆ. ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಶಾಲು ಹೋಯಿತು ಅಂದುಕೊಂಡೆ. ಅವರು ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು:

"ಮುಂದಿನ ಸಲಾನೂ ಹೀಗೇ ಪಾಠ ಮಾಡಿ ಸಾರ್, ಏನೂ ಬದಲಾಯಿಸ್ಬೇಡಿ. ರಿಸಲ್ಟ್ ಚೆನ್ನಾಗಿ ಬರ್ತಿದೆ."