ಗದ್ದ ಒಳಗೆ ಹೋದ ಮೇಲೆ

ನಾನು ಪದವೀಧರನಾಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಜಹ್ರಾದಲ್ಲಿ ಸಣ್ಣ ಹೋಟೆಲಿಟ್ಟುಕೊಂಡು, ಊರಿನಿಂದ ನನ್ನನ್ನು ಕುವೈತಿಗೆ ಕರೆಸಿಕೊಂಡವರೂ ಅವರೇ. ನಮ್ಮ ಕಡೆ ಅಪ್ಪನ ಮಾತಿಗೆ ಮೇಲ್ಮನವಿ ಉಂಟು, ಸೋದರಮಾವನ ಮಾತಿಗೆ ಇಲ್ಲ. ಹಗಲು ಕುವೈತ್ ನಗರದ ಶರ್ಕ್‌ನ ಆಫೀಸಿನಲ್ಲಿ ಟೈಪ್ ಮಾಡಿ, ಸಂಜೆ ಅವರ ಹೋಟೆಲಿನ ಮೂಲೆಯಲ್ಲಿ ಅಂಚೆ ಶಿಕ್ಷಣದ ಪಾಠ ಓದುತ್ತಿದ್ದ ನನ್ನನ್ನು ನೋಡಿ ಗಿರಾಕಿಗಳ ಎದುರೇ ಹೇಳಿದ್ದರು: "ನಮ್ಮ ಕುಟುಂಬದಲ್ಲಿ ಹತ್ತನೇ ಕ್ಲಾಸು ದಾಟಿದವರಿಲ್ಲ ಮಾರಾಯ. ನಿನ್ನ ಈ ಗದ್ದ ಒಳಗೆ ಹೋದ ದಿನ ನೀನು ಬಿಎ ಆಗ್ತಿ."

ನನ್ನ ಗದ್ದ ಯಾವ ಕೋಣೆಗೂ ನನಗಿಂತ ಮೊದಲು ಪ್ರವೇಶಿಸುತ್ತಿತ್ತು ಎಂಬುದು ನಿಜ. ಇಂಗ್ಲಿಷಿನಲ್ಲಿ ಬಿದ್ದು, ಎದ್ದು, ರಜೆಯಲ್ಲಿ ಊರಿಗೆ ಹೋಗಿ ಕೊನೆಯ ಪರೀಕ್ಷೆ ಬರೆದು ಬಂದವನಿಗೆ, ಪದವಿಗೆ ಒಪ್ಪುವ ಮುಖವೂ ಇರಲಿ ಎಂಬ ಆಸೆ ಹುಟ್ಟಿತು. ಈಜಿಪ್ಟಿನ ಡಾಕ್ಟರೊಬ್ಬರಿಂದ ಗದ್ದದ ಎಲುಬು ಕೊಯ್ಸಿ ಹಿಂದಕ್ಕೆ ಕೂರಿಸಿಕೊಂಡೆ. ಬ್ಯಾಂಡೇಜು ಬಿಚ್ಚಿದ ವಾರವೇ ಪಾಸಾದ ಸುದ್ದಿ ಬಂತು. ನಗಲು ಹೋದೆ; ಕೆಳತುಟಿ ನಗುತ್ತಿದೆಯೋ ಇಲ್ಲವೋ ನನಗೇ ತಿಳಿಯಲಿಲ್ಲ.

ಹಲ್ಲು ಕೀಳಿಸಿಕೊಂಡವರಿಗೆ ಗೊತ್ತು, ತುಟಿ ಪಕ್ಕದ ಮನೆಯವರದ್ದು ಎನಿಸುವ ಆ ಸ್ವಲ್ಪ ಹೊತ್ತು. ನನಗದು ತಿಂಗಳುಗಟ್ಟಲೆ. ಚಹಾ ಅರ್ಧ ನನಗೆ, ಅರ್ಧ ಶರ್ಟಿಗೆ. ಅನ್ನದ ಅಗಳೊಂದು ತುಟಿಯ ಕೆಳಗೆ ಕೂತು ಬಸ್ಸಿನಲ್ಲಿ ಶರ್ಕ್‌ವರೆಗೂ ಪ್ರಯಾಣ ಮಾಡಿದ್ದುಂಟು. ಡಾಕ್ಟರು, "ನರ ಸತ್ತಿಲ್ಲ, ಮಲಗಿದೆ. ಇರುವೆ ಹರಿದ ಹಾಗಾದರೆ ಎಚ್ಚರವಾಗುತ್ತಿದೆ ಎಂದು ಖುಷಿಪಡು" ಎಂದರು. ಅಂದಿನಿಂದ ನನ್ನ ಹೆಂಡತಿ ಸುಜಾತ ಬೆಳಗ್ಗೆ ಕೇಳುವ ಮೊದಲ ಪ್ರಶ್ನೆ, "ಇರುವೆ ಬಂತಾ?" ಇರುವೆ ಬರಲಿ ಎಂದು ಹರಕೆ ಹೊತ್ತ ಹೆಂಗಸು ಬೇರೆಲ್ಲೂ ಇರಲಿಕ್ಕಿಲ್ಲ. ನಾಲ್ಕು ಜನರ ನಡುವೆ ಅವಳು ತನ್ನ ಗದ್ದ ಮುಟ್ಟಿಕೊಂಡರೆ ನಾನು ನನ್ನದನ್ನು ಒರೆಸಿಕೊಳ್ಳಬೇಕು ಎಂದು ನಮ್ಮೊಳಗೆ ಒಪ್ಪಂದವಾಯಿತು.

ಯುದ್ಧದ ಸುಳಿವೂ ಇಲ್ಲದ ತೊಂಬತ್ತರ ಆ ತಿಂಗಳುಗಳಲ್ಲಿ, ನನ್ನ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಸಲ್ವಾದಲ್ಲಿ ಸೇರುವ ನಮ್ಮ ಊರಿನವರ ಸಂಘದಲ್ಲಿ ಒಂದು ಪದ್ಧತಿ: ಅದನ್ನು ನಮ್ಮಿಂದಲೇ ಇಸಿದುಕೊಂಡು, ವೇದಿಕೆಯಲ್ಲಿ ನಮಗೇ ಕೊಡುವುದು. ಕೊಡುವ ಕೈ ಮಾವನದ್ದು ಎಂದು ತೀರ್ಮಾನವಾಯಿತು. ನನಗೆ ಬೇಕಾದದ್ದು ಶಾಲಲ್ಲ, ಹಾರವಲ್ಲ. ಅಷ್ಟು ಜನರೆದುರು ಮಾವ ಒಮ್ಮೆ "ನಾನು ಹೇಳಿದ್ದು ತಪ್ಪಾಯ್ತು" ಎನ್ನಬೇಕು.

ಅಧ್ಯಕ್ಷರ ಭಾಷಣ ಉದ್ದವಾಯಿತು. ಉದ್ದದ ಭಾಷಣ ಕೇಳುವವರು ಗದ್ದಕ್ಕೆ ಕೈಕೊಟ್ಟು ಕೂರುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮೊದಲ ಸಾಲಿನಲ್ಲಿ ಒಬ್ಬರು ಗದ್ದ ಮುಟ್ಟಿದರು, ನಾನು ಒರೆಸಿಕೊಂಡೆ. ಇನ್ನೊಬ್ಬರು ಮುಟ್ಟಿದರು, ಮತ್ತೆ ಒರೆಸಿಕೊಂಡೆ. ಕರವಸ್ತ್ರ ಮುಖದಿಂದ ಕೆಳಗಿಳಿಯಲೇ ಇಲ್ಲ. ಅಧ್ಯಕ್ಷರು ಮಾತು ನಿಲ್ಲಿಸಿ, "ನೋಡಿ, ಕಷ್ಟಪಟ್ಟು ಓದಿದವನ ಕಣ್ಣೀರು" ಎಂದರು. ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಸುಜಾತ ಮಾತ್ರ ನಗು ತಡೆಯಲಾಗದೆ ನೆಲ ನೋಡುತ್ತಿದ್ದಳು.

ಮಾವ ಎರಡೂ ಕೈಯಿಂದ ಪ್ರಮಾಣಪತ್ರ ಕೊಟ್ಟರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಇದೀಗ ಆ ಮಾತು ಬಂತು ಎಂದು ನಾನು ಕಾದೆ. ಅವರು ನನ್ನ ಗದ್ದ ಹಿಡಿದು ಮುಖವನ್ನು ಸಭೆಯತ್ತ ತಿರುಗಿಸಿದರು.

"ಇದು ಒಳಗೆ ಹೋದ ದಿನ ಇವ ಬಿಎ ಆಗ್ತಾನೆ ಅಂತ ನಾನು ಅವತ್ತೇ ಹೇಳಿದ್ದೆ. ಹೇಳಿದ್ದೆನಾ ಇಲ್ವಾ ಮಾರಾಯ?"

ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವನ ಹೆಬ್ಬೆರಳ ಕೆಳಗೆ, ತುಟಿಯ ಎಡ ತುದಿಯಲ್ಲಿ, ಒಂದು ಇರುವೆ ಹರಿಯಿತು. ಅದರ ಹಿಂದೆ ಇನ್ನೊಂದು. ಸುಜಾತಳ ಕಡೆ ನೋಡಿ, ಬಂತು ಬಂತು ಎಂದು ಜೋರಾಗಿ ತಲೆಯಾಡಿಸಿಬಿಟ್ಟೆ.

"ನೋಡಿ," ಎಂದರು ಮಾವ ಸಭೆಗೆ, "ಅವನೇ ಒಪ್ಪಿಕೊಂಡ."