ತುತ್ತೂರಿ ಮೊಕದ್ದಮೆ

ಊದಬೇಕಾದ ತುತ್ತೂರಿಯೊಂದು ಊದದೇ ಹೋದದ್ದೇ ಎಲ್ಲಕ್ಕೂ ಮೂಲ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಗಿನ ಜಾವ, ಮಹಡಿಮನೆಯ ನಿವೃತ್ತ ಬ್ಯಾಂಡ್ ಮೇಷ್ಟ್ರು ಎಂದಿನಂತೆ ಬಾಲ್ಕನಿಗೆ ಬಂದು, ಎತ್ತರದ ಮೊಳೆಯಿಂದ ತುತ್ತೂರಿ ಇಳಿಸಿಕೊಂಡು, ಕೆನ್ನೆ ಉಬ್ಬಿಸಿ ಊದಿದರು. ಸದ್ದಿಲ್ಲ. ಇನ್ನೂ ಜೋರಾಗಿ ಊದಿದರು. ಕಣ್ಣುಗುಡ್ಡೆ ಹೊರಬಂದವೇ ಹೊರತು ಸ್ವರ ಹೊರಬರಲಿಲ್ಲ. ಒಳಗೆ ಬಿಳಿ ಪ್ಲಾಸ್ಟರು ಕಲ್ಲಿನಂತೆ ಕೂತಿತ್ತು.

ಆ ಕಟ್ಟಡದಲ್ಲಿ ಪ್ಲಾಸ್ಟರ್ ಇಟ್ಟುಕೊಂಡಿದ್ದವರು ಒಬ್ಬರೇ. ಕೆಳಮನೆಯ ಹಲ್ಲುಸೆಟ್ಟಿನವರು. ಬೊಚ್ಚುಬಾಯಿಗಳ ಅಚ್ಚು ತೆಗೆಯಲು ಅವರಿಗೆ ಅದು ಬೇಕೇ ಬೇಕು. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಮೆಟ್ಟಿಲ ಬುಡದಲ್ಲಿ ನಿಂತು, "ಆ ತುತ್ತೂರಿ ಬಾಯಿ ಮುಚ್ಚಿಸದಿದ್ರೆ ಕೇಳಿ!" ಎಂದು ಕೂಗಾಡಿದ್ದರು. ಕೆಳಗಿನ ಕೋರ್ಟಿಗೆ ಇಷ್ಟು ಸಾಕಾಯಿತು. ತಪ್ಪಿತಸ್ಥ ಎಂದಿತು. ಶಿಕ್ಷೆ, ಅಂದು ಸಂಜೆ ಕೋರ್ಟು ಏಳುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿರುವುದು.

ಬೇರೆ ಯಾರಾದರೂ ಆಗಿದ್ದರೆ ಐದು ಗಂಟೆಗೆ ಎದ್ದು, ಪ್ಯಾಂಟು ಕೊಡವಿಕೊಂಡು ಮನೆಗೆ ಹೋಗಿ ಮರೆತುಬಿಡುತ್ತಿದ್ದರು. ಹಲ್ಲುಸೆಟ್ಟಿನವರು ಮರೆಯಲಿಲ್ಲ. ಮಾಡದ ತಪ್ಪು! ಮೇಲ್ಮನವಿ ಹಾಕಿದರು. ಬೆಂಚಿನ ಮೇಲೆ ಕೂತ ಆ ಒಂದು ದಿನ ಅನ್ಯಾಯವೆಂದು ಸಾಧಿಸಲು ಮತ್ತೆ ನೂರಾ ಹದಿನಾಲ್ಕು ದಿನ ಬೆಂಚಿನ ಮೇಲೆ ಕೂತರು. ಅವರ ಸ್ವಂತ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. "ಪ್ಲಾಸ್ಟರಣ್ಣ, ಟೊಮೇಟೊ ಚೆನ್ನಾಗಿದೆ" ಎಂದು ತರಕಾರಿಯವಳು ಕರೆದಾಗೆಲ್ಲ ಅವರು ಟೊಮೇಟೊಗಿಂತ ಕೆಂಪಾಗುತ್ತಿದ್ದರು. ಈಗೀಗ ಕೆಂಪಾಗಲೂ ಶಕ್ತಿಯಿರಲಿಲ್ಲ.

ಕೊನೆಗೂ ತೀರ್ಪಿನ ದಿನ ಬಂತು.

"ಇವತ್ತಾದ್ರೂ ಮುಗಿಯುತ್ತೇನ್ರೀ?" ಹೆಂಡತಿ ಬಾಗಿಲವರೆಗೆ ಬಂದು ಕೇಳಿದರು.

"ಮುಗಿಯೋದಲ್ಲ ಕಣೇ, ಗೆಲ್ಲೋದು."

"ಯಾವುದೋ ಒಂದು. ಸಂಜೆ ಮನೇಲಿ ಕೂತು ಊಟ ಮಾಡಿದ್ರೆ ಸಾಕು." ಒಂಬತ್ತು ವರ್ಷದಿಂದ ಆಕೆಯದು ಇದೇ ಮಾತು, ಬಿಟ್ಟುಬಿಡಿ ಅತ್ಲಾಗೆ ಅಂತ.

ಮೆಟ್ಟಿಲಲ್ಲಿ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗಂಟುಬಿದ್ದರು. ಕರೆಯದಿದ್ದರೂ ಜೊತೆಗೆ ಹೊರಟರು. "ಒಬ್ಬರೇ ಹೋಗ್ಬಾರದು ಸಾರ್, ಫೈಲು ಇಲ್ಲಿ ಕೊಡಿ" ಎಂದು ಕಸಿದುಕೊಂಡರು. ಬಸ್ಸು ಹತ್ತುವಾಗ ಫೈಲಿನ ದಾರ ಕಿತ್ತುಹೋಗಿ ಒಂಬತ್ತು ವರ್ಷದ ಹೋರಾಟವೆಲ್ಲ ರಸ್ತೆಯ ಮೇಲೆ ಹರಡಿತು. ಹಲ್ಲುಸೆಟ್ಟಿನವರಿಗೆ ಎತ್ತರ ಕಂಡರೆ ತಲೆಸುತ್ತುತ್ತದೆ, ಸ್ಟೂಲು ಹತ್ತಲೂ ಆಗದು ಎಂಬ ಡಾಕ್ಟರ ಸರ್ಟಿಫಿಕೇಟಿನ ಮೇಲೆ ಸ್ಕೂಟರೊಂದು ಹಾದುಹೋಯಿತು. ಆ ಮುಖ್ಯ ಸಾಕ್ಷ್ಯವನ್ನು ಅವರು ಮೊಣಕಾಲೂರಿ, ಹಸುಗೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರು.

ಕೋರ್ಟಿನಲ್ಲಿ ಬ್ಯಾಂಡ್ ಮೇಷ್ಟ್ರು ಆಗಲೇ ಬೆಂಚಿನ ಮೇಲಿದ್ದರು. ಅವರ ಹಲ್ಲುಗಳೆಲ್ಲ ಉದುರಿ ಎರಡು ವರ್ಷವಾಗಿತ್ತು.

"ನನ್ ಶೆಟ್ಟು ಯಾವಾಗ ಕೊಡ್ತೀರಿ?" ಎಂದರು ಪಕ್ಕಕ್ಕೆ ಸರಿದು ಜಾಗ ಕೊಡುತ್ತ.

"ಕೇಸು ಮುಗಿದ ಮೇಲೆ."

"ನಂಗೇನು ಕೇಶು ಬೇಕಾಗಿಲ್ಲ ಮಾರಾಯ್ರೇ. ಕಡಲೆಬೀಜ ತಿನ್ಬೇಕು, ಅಷ್ಟೇ."

ವಕೀಲರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ನ್ಯಾಯಾಧೀಶರಿಗೂ ಆಯಾಸ, ಈ ಫೈಲು ಅವರ ಪಾಲಿಗೆ ಬಂದಾಗ ಅವರ ಕೂದಲು ಕಪ್ಪಗಿತ್ತು. ಇಪ್ಪತ್ತೆರಡು ಪುಟಗಳ ತೀರ್ಪಿನ ಕೊನೆಯ ಸಾಲು ಓದಿದರು: "ಎತ್ತರ ಹತ್ತಲಾಗದವರು ಆ ಮೊಳೆ ಮುಟ್ಟಿದ್ದರೆಂದು ನಂಬುವುದು ಕಷ್ಟ. ಸಂಶಯದ ಲಾಭ ನೀಡಿ ಬಿಡುಗಡೆ ಮಾಡಲಾಗಿದೆ."

ಪೋಸ್ಟ್‌ಮಾಸ್ಟರು ಚಪ್ಪಾಳೆ ತಟ್ಟಿ ಪೇದೆಯಿಂದ ಬೈಸಿಕೊಂಡರು. ವಕೀಲರು ಎಚ್ಚರಗೊಂಡು ಕೈ ಮುಗಿದರು. ಅಲ್ಲಿಗೆ ಎದ್ದು ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಹಲ್ಲುಸೆಟ್ಟಿನವರು ಎದ್ದು ನಿಂತರು, ಹೊರಡಲಿಲ್ಲ.

"ಸ್ವಾಮಿ, ನನಗೆ ಸಂಶಯದ ಲಾಭ ಬೇಡ."

"ಮತ್ತೇನು ಬೇಕ್ರೀ ನಿಮಗೆ?"

"ಬಿಟ್ಟುಬಿಟ್ರೂ ಬೀದೀಲಿ ನಾನು ಪ್ಲಾಸ್ಟರೇ. ಮಾಡಿದವರು ಯಾರು ಅಂತ ಹುಡುಕಿಸಿ ಸ್ವಾಮಿ. ಅಲ್ಲೀವರೆಗೂ ನಾನು ಈ ಬೆಂಚು ಬಿಟ್ಟು ಏಳಲ್ಲ," ಎಂದು ಮತ್ತೆ ಕೂತುಬಿಟ್ಟರು.

ವಕೀಲರು ಅವರ ಅಂಗಿಯ ತುದಿ ಎಳೆದರು. ನ್ಯಾಯಾಧೀಶರು ಗಡಿಯಾರ ನೋಡಿದರು, ಬೆಂಚು ನೋಡಿದರು, ಈ ಮನುಷ್ಯ ನಿಜಕ್ಕೂ ಏಳುವುದಿಲ್ಲವೆಂದು ಅರಿತು ಪೆನ್ನೆತ್ತಿಕೊಂಡರು. ಪೊಲೀಸರು ಹೊಸದಾಗಿ ತನಿಖೆ ಮಾಡಬೇಕು, ಆ ಪ್ಲಾಸ್ಟರಿಗೆ ಕೈಹಾಕುವ ಅವಕಾಶವಿದ್ದ ಎಲ್ಲರನ್ನೂ ನಾಳೆಯಿಂದಲೇ ವಿಚಾರಿಸಬೇಕು ಎಂದು ಬರೆದರು.

ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಸುದ್ದಿ ಹೇಳಿದರು. "ಗೆದ್ದೆ ಕಣೇ! ನಾಳೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಬರ್ತಾರೆ. ಇನ್ನು ಆ ಕಳ್ಳ ತಪ್ಪಿಸಿಕೊಳ್ಳೋ ಹಾಗಿಲ್ಲ."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತರು.

"ಬಿಟ್ಟಮೇಲೆ ಸುಮ್ಮನೆ ಎದ್ದು ಬರಬಾರದಾಗಿತ್ತೇನ್ರೀ ನೀವು?"

"ಯಾಕೆ?"

"ನಾನೇ ಮಾಡಿದ್ದು."

ಹಲ್ಲುಸೆಟ್ಟಿನವರ ಬಾಯಿ ಅಚ್ಚು ತೆಗೆಯಲು ತೆರೆದ ಬಾಯಿಯಂತೆ ತೆರೆದೇ ಉಳಿಯಿತು.

"ಜ್ವರ ಬಂದು ನೀವು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಇಷ್ಟೇ ಇಷ್ಟು ನಿದ್ದೆ ಹತ್ತೋ ಹೊತ್ತಿಗೆ ಆ ಹಾಳು ತುತ್ತೂರಿ. ಮಹಡಿ ಮೇಲೆ ಬಟ್ಟೆ ಒಣಹಾಕೋ ನೆಪದಲ್ಲಿ ಹೋಗಿ, ಅವರ ಬಾಲ್ಕನೀಲಿ ಸ್ಟೂಲು ಹಾಕ್ಕೊಂಡು ನಿಮ್ಮ ಪ್ಲಾಸ್ಟರ್ ಕಲಸಿ ತುಂಬಿಸಿಬಿಟ್ಟೆ."

"ಒಂಬತ್ತು ವರ್ಷ! ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತ ಮೊದಲನೇ ತೀರ್ಪಿನ ದಿನವೇ ಕೋರ್ಟಿಗೆ ಬಂದಿದ್ದೆ. ಮಾಡಿದವರ ಕೈ ಸೇದಿಹೋಗ ಅಂತ ನೀವು ಕೂಗ್ತಾ ಇದ್ರಿ. ಸಂಜೆವರೆಗೆ ಕೂರೋದು ತಾನೇ ಶಿಕ್ಷೆ, ಕೂತು ಬರ್ತಾರೆ ಅಂದ್ಕೊಂಡೆ. ಮೇಲಿನ ಕೋರ್ಟಿಗೆ ಹೋಗ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ಅವರು ಹೆಂಡತಿಯ ಕೈಗಳನ್ನೇ ನೋಡಿದರು. ನೆಟ್ಟಗೇ ಇದ್ದವು. ಕೋಪ ತಂದುಕೊಳ್ಳಲು ನೋಡಿದರು. ಒಂಬತ್ತು ವರ್ಷದಲ್ಲಿ ಇದ್ದದ್ದೆಲ್ಲ ಖರ್ಚಾಗಿಹೋಗಿತ್ತು. ಎದ್ದುಹೋಗಿ ವಕೀಲರಿಗೆ ಫೋನು ಮಾಡಿದರು.

"ಸಾರ್, ಆ ತುತ್ತೂರಿಗೆ ಪ್ಲಾಸ್ಟರ್ ತುಂಬಿದ್ದು ನಾನೇ. ಬರೆದುಕೊಟ್ಟುಬಿಡ್ತೀನಿ."

ಆ ಕಡೆಯಿಂದ ಆಕಳಿಕೆ ಕೇಳಿಸಿತು. "ಆಗಲ್ಲ ಸಾರ್. ಬಿಡುಗಡೆ ಆದ ಅಪರಾಧಕ್ಕೆ ನಿಮ್ಮನ್ನ ಮತ್ತೆ ಹಿಡಿಯೋ ಹಾಗಿಲ್ಲ. ಇನ್ನು ನೀವು ತಲೆಕೆಳಗಾಗಿ ನಿಂತು ಒಪ್ಪಿಕೊಂಡ್ರೂ ಯಾರೂ ನಂಬಲ್ಲ. ನಾನೇ ಅಷ್ಟು ಗಟ್ಟಿಯಾಗಿ ವಾದ ಮಾಡಿದೀನಿ... ಯಾಕೆ, ಮನೇಲಿ ಏನಾದ್ರೂ..."

ಹಲ್ಲುಸೆಟ್ಟಿನವರು ಸುಮ್ಮನಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ವಕೀಲರಿಗೆ ತಟ್ಟನೆ ಅರ್ಥವಾಯಿತು.

"ಗಾಬರಿ ಬೇಡ. ನಿಮ್ಮ ಮನೆಯವರ ಪರ ನಾನೇ ನಿಲ್ತೀನಿ. ಸಣ್ಣ ಕೇಸು. ಒಂದು ಎಂಟು-ಹತ್ತು ವರ್ಷದಲ್ಲಿ ಮುಗಿಸಿಬಿಡೋಣ."

ಫೋನು ಇಟ್ಟು ಬಂದು ಹೆಂಡತಿಯ ಪಕ್ಕದಲ್ಲಿ ಕೂತರು.

"ಏನಂದ್ರು?"

"ಸಣ್ಣ ಕೇಸಂತೆ," ಎಂದರು.